ಶರದೃತುವಿನ ಊಟದ ಮೇಜು

ಉಣ್ಣುವ ಸ್ಥಳವನ್ನು ಅಲಂಕರಿಸುವದು ಉಚಿತವೋ ಅನುಚಿತವೋ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಬಹುಕಾಲದ ಹಿಂದೆಯೇ ಉತ್ತರ ಕೊಟ್ಟಿರುವರು. ನೆಲವನ್ನು ಸಾರಿಸಿ, ಎಲೆಯ ಸುತ್ತಲೂ ರಂಗೋಲಿಯ ಎಳೆ ಎಳೆದು, ಮಣೆ ಹಾಕಿ ಅತಿಥಿಯನ್ನು ಕೂಡ್ರಿಸುವ ಪದ್ಧತಿಯು ಅಲಂಕಾರವಲ್ಲದೆ ಮತ್ತೇನು? ನಮ್ಮ ನೆರೆಯ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಒಂದು ಪ್ರಕರಣವೇ ಉಂಟು. ಆದುದರಿಂದ ಅಲಂಕಾರವೇ ಕೂಡದೆಂಬ ಶುಷ್ಕ ವೈರಾಗ್ಯವು ನನ್ನದಲ್ಲ. ಎಂಥ ಅಲಂಕಾರ, ಯಾರ ಸಲುವಾಗಿ, ಎಂಬಲ್ಲಿಯೇ ವಿಚಾರವಿರುವದು.

ಇತ್ತೀಚೆಗೆ ಸುಶಿಕ್ಷಿತ ಮನೆಗಳಲ್ಲಿ ಒಂದು ಹೊಸ ರುಚಿಯು ಕಾಣಿಸಿಕೊಂಡಿದೆ. ಶರತ್ಕಾಲ ಬಂದಿತೆಂದರೆ ಊಟದ ಮೇಜಿಗೆ ಕಪ್ಪು ಇಲ್ಲವೆ ಗಾಢಗಂದು ಬಣ್ಣದ ವಸ್ತ್ರ ಹಾಸಿ, ಮೇಣದ ಬತ್ತಿಗಳನ್ನು ಹಚ್ಚಿ, ಒಣಗಿದ ಎಲೆಗಳನ್ನು ಹರಡಿ, ನಡುವೆ ಹಳೆಯ ಗ್ರಂಥಗಳನ್ನು ಒಂದರ ಮೇಲೊಂದು ಪೇರಿಸಿಡುವರು. ಉಣ್ಣುವವನಿಗೆ ತಾನೊಬ್ಬ ಪಂಡಿತನ ಅಭ್ಯಾಸದ ಕೋಣೆಯಲ್ಲಿ ಕುಳಿತಂತೆ ಅನಿಸಬೇಕಂತೆ! ಈ ರುಚಿಯು ಪಶ್ಚಿಮದ್ದು. ಅದರ ತವರಿನಲ್ಲಿ ಅದು ಸಹಜವೂ ಅಹುದು. ಅಲ್ಲಿ ಅಕ್ಟೋಬರಿನಲ್ಲಿ ಮರಗಳು ಕೆಂಪೇರಿ ಎಲೆ ಉದುರಿಸುವವು, ಹಗಲು ಕುಗ್ಗುವದು, ಜನರು ಮನೆಯೊಳಗೆ ದೀಪವನ್ನೂ ಪುಸ್ತಕವನ್ನೂ ಆಶ್ರಯಿಸುವರು. ಅಂಥ ಋತುವಿನಲ್ಲಿ ಮನಸ್ಸಿಗೆ ಒಂದು ಬಗೆಯ ವಿಷಾದ ಕವಿದರೆ ಆಶ್ಚರ್ಯವೇನು?

ನಮ್ಮ ಶರದೃತುವಿನ ಸ್ವಭಾವವು ಇದಕ್ಕೆ ತೀರ ವಿಪರೀತವಾದುದು. ನಮ್ಮಲ್ಲಿ ಎಲೆ ಉದುರುವದು ಶಿಶಿರದಲ್ಲಿ. ಆಶ್ವಿನದಲ್ಲಿ ಕಮಲನಗರದ ಹೊರಗೆ ಉದಗೀರದ ದಾರಿ ಹಿಡಿದು ಒಂದು ಹರಿದಾರಿ ನಡೆದವನಿಗೆ ಕಾಣುವದೇನು? ಮಳೆ ತೊಳೆದ ಆಕಾಶ, ಸೋಯಾ ತೆಗೆದು ಹಿಂಗಾರಿ ಜೋಳಕ್ಕೂ ಕಡಲೆಗೂ ಹಸನಾಗುತ್ತಿರುವ ಕರಿಯ ಹೊಲ, ಹಸುರಾಗಿ ನಿಂತ ತೊಗರಿ. ಅಗಸ್ತ್ಯ ನಕ್ಷತ್ರವು ಉದಿಸಿದೊಡನೆ ಕದಡಿದ ನೀರು ತಿಳಿಯಾಗುವದೆಂದು ನಮ್ಮ ಪ್ರಾಚೀನ ಕವಿಗಳು ನಂಬಿದ್ದರು. ಮಾಂಜ್ರಾ ನದಿಯ ದಡದವರು ಇದನ್ನು ಕಾವ್ಯ ಓದದೆಯೂ ಬಲ್ಲರು. ಪ್ರಸಾದಗುಣವೇ ಈ ಋತುವಿನ ಪ್ರಾಣ. ಅದರ ಹೆಸರಿನಲ್ಲಿ ಮಬ್ಬು ಕವಿಸುವದೆಂದರೆ ಮದುವೆಯ ಮನೆಯಲ್ಲಿ ವಿರಹದ ಪದ ಹಾಡಿದಂತೆ.

ಇದರಿಂದ ಕಪ್ಪು ಬಣ್ಣವೇ ನಮಗೆ ಪರಕೀಯವೆಂದು ಯಾರೂ ಭಾವಿಸಬಾರದು. ಬೀದರಿನವರಿಗಿಂತ ಚೆನ್ನಾಗಿ ಕಪ್ಪಿನ ಮಹಿಮೆಯನ್ನು ಅರಿತವರು ವಿರಳ. ಬಹಳಷ್ಟು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂಡ್ರಿಸುವರು. ಅಲ್ಲಿಯವರೆಗೆ ಅದು ಬೂದಿಬಣ್ಣದ ನಿಸ್ತೇಜ ವಸ್ತು. ಕಡೆಯಲ್ಲಿ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ, ಕಾಯಿಸಿದ ಪಾತ್ರೆಗೆ ತಿಕ್ಕಿದರೆ ಸತುವಿನ ಮೈಯೆಲ್ಲ ಕಾಡಿಗೆಯಂತೆ ಕಪ್ಪಾಗುವದು. ಬೆಳ್ಳಿಯು ಮಾತ್ರ ಬೆಳ್ಳಗೆಯೇ ಉಳಿಯುವದು. 2006ರಲ್ಲಿ ಈ ಕಲೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಮೇಜಿನ ಮೇಲೆ ಒಂದು ಬಿದ್ರಿ ಹೂದಾನಿಯಿದ್ದರೆ, ಅದರಲ್ಲಿ ನಾಲ್ಕು ಚೆಂಡುಹೂಗಳಿದ್ದರೆ, ಶರದೃತುವಿನ ರಾತ್ರಿಯೇ ನಕ್ಷತ್ರಸಹಿತವಾಗಿ ಮನೆಗೆ ಬಂದಂತೆ. (ಅದರಲ್ಲಿ ಹುಳಿ ಪದಾರ್ಥವನ್ನು ಬಡಿಸಲು ಹೋಗಬೇಡಿರಿ, ಹುಳಿಗೆ ಸತುವು ಕರಗುವದು.) ಇಲ್ಲಿ ಕಪ್ಪು ಇರುವದು ಬೆಳ್ಳಿಯನ್ನು ತೋರಿಸುವದಕ್ಕೆ, ಮುಚ್ಚುವದಕ್ಕಲ್ಲ.

ಇನ್ನು ಪಾಂಡಿತ್ಯದ ಮಾತು. ಬೀದರಿನ ಮಹಮೂದ ಗವಾನನ ಮದರಸವನ್ನು ನೋಡದ ವಾಚಕರು ನಮ್ಮ ಜಿಲ್ಲೆಯಲ್ಲಿ ಇರಲಾರರು. 1472ರಲ್ಲಿ ಅದನ್ನು ಕಟ್ಟಿಸಿದ ಆ ಮಂತ್ರಿಯು ಸ್ವತಃ ವಿದ್ವಾಂಸ. ವಿದ್ಯಾಲಯಕ್ಕೆ ದೊಡ್ಡ ಗ್ರಂಥಭಂಡಾರವನ್ನು ಕೂಡಿಸಿದವನು. 1481ರಲ್ಲಿ ಸುಲ್ತಾನನ ಆಜ್ಞೆಯಿಂದ ಅವನ ಶಿರಚ್ಛೇದವಾಯಿತು. ಬಳಿಕ ಅವನ ಸಂಪತ್ತನ್ನು ಹುಡುಕಿಸಿದಾಗ, ಅವನು ಚಾಪೆಯ ಮೇಲೆ ಮಲಗುತ್ತಿದ್ದನೆಂದೂ ಅವನ ಅಡಿಗೆಯು ಮಣ್ಣಿನ ಪಾತ್ರೆಗಳಲ್ಲಿ ಆಗುತ್ತಿತ್ತೆಂದೂ ತಿಳಿದುಬಂದಿತೆಂದು ಇತಿಹಾಸಕಾರ ಫರಿಷ್ತಾ ಬರೆದಿರುವನು. ಮದರಸದ ಗೋಡೆಗೆ ಬಣ್ಣಬಣ್ಣದ ಹೊಳಪಿನ ಬಿಲ್ಲೆಗಳನ್ನು ಹಚ್ಚಿಸಿದವನಿಗೆ ಸೌಂದರ್ಯದೃಷ್ಟಿ ಇರಲಿಲ್ಲವೆನ್ನಲಾಗದು. ಅಲಂಕಾರವನ್ನು ಎಲ್ಲಿಡಬೇಕೆಂಬುದನ್ನು ಅವನು ಬಲ್ಲವನಾಗಿದ್ದನು. ನಿಜವಾದ ಪಂಡಿತನ ಊಟದ ಸ್ಥಳಕ್ಕೂ ‘ಪಂಡಿತಶೈಲಿ’ಯ ಊಟದ ಮೇಜಿಗೂ ಇರುವ ದೂರವನ್ನು ಇದರಿಂದ ಅಳೆಯಬಹುದು.

ಹೋದ ವರುಷ ನವರಾತ್ರಿಯಲ್ಲಿ ನಮ್ಮ ಊರಿನ ಒಂದು ಮನೆಗೆ ಊಟಕ್ಕೆ ಹೋಗಿದ್ದೆನು. ಪುಣೆಯಲ್ಲಿ ಓದುವ ಮಗಳು ಬಲು ಅಕ್ಕರೆಯಿಂದ ಇದೇ ರೀತಿಯಲ್ಲಿ ಮೇಜನ್ನು ಸಿಂಗರಿಸಿದ್ದಳು. ಅಜ್ಜನ ಅಮರಕೋಶ, ಒಂದು ಮರಾಠಿ ಪೋಥಿ, ನಿಜಾಮರ ಕಾಲದ ಒಂದು ಉರ್ದು ಪುಸ್ತಕ; ನೋಟವು ಸುಂದರವಾಗಿಯೇ ಇದ್ದಿತು. ಅಷ್ಟರಲ್ಲಿ ಭಾಲ್ಕಿಯ ಕಡೆಯ ಹಳ್ಳಿಯಿಂದ ಆ ಮನೆಯ ಬೀಗರು, ವೃದ್ಧ ಒಕ್ಕಲಿಗರು, ಬಂದರು. ಟೊಪ್ಪಿಗೆ ತೆಗೆದು ಆ ಗ್ರಂಥಗಳಿಗೆ ಕೈಮುಗಿದು ಗೋಡೆಯ ಬದಿಗೆ ನೆಲದ ಮೇಲೆ ಕುಳಿತುಬಿಟ್ಟರು. ಮೇಲೆ ಬನ್ನಿರೆಂದರೆ, “ಪುಸ್ತಕದ ಮುಂದ ಎಂಜಲ ಮಾಡಲೇನ್ರಿ?” ಎಂದರು. ಹುಡುಗಿಯು ನಗಲಿಲ್ಲ, ವಾದಿಸಲೂ ಇಲ್ಲ. ಗ್ರಂಥಗಳನ್ನೆತ್ತಿ ಒಳಗಿಟ್ಟು ಬಂದಳು. ಆಗ ಬಂದು ಕುಳಿತರು. ಊಟವಾದ ಮೇಲೆ ಆ ಪುಸ್ತಕಗಳಲ್ಲಿ ಏನಿದೆಯೆಂದು ಅವರೇ ಕೇಳಿದರು. ಅಮರಕೋಶವನ್ನು ತರಿಸಿದೆವು, ಎಷ್ಟೋ ವರುಷ ಯಾರೂ ತೆರೆಯದ ಕಾರಣ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಆಶ್ವಿನಕ್ಕೆ ಇಷವೆಂದೂ ಕಾರ್ತಿಕಕ್ಕೆ ಊರ್ಜವೆಂದೂ ಹಳೆಯ ಹೆಸರುಗಳುಂಟು, ಒಂದಕ್ಕೆ ಅನ್ನವೆಂದೂ ಇನ್ನೊಂದಕ್ಕೆ ಬಲವೆಂದೂ ಅರ್ಥ, ಎಂದು ಹೇಳಿದೆನು. ಅವರು ಆ ಎರಡು ಶಬ್ದಗಳನ್ನು ಎರಡು ಸಲ ಅಂದುನೋಡಿದರು.

ಒಂದೇ ಸಾಲಿನಲ್ಲಿ ಕುಳಿತವರಿಗೆ ಬೇರೆ ಬೇರೆಯಾಗಿ ಬಡಿಸುವದು ಪಂಕ್ತಿಭೇದವೆಂಬ ದೋಷವು. ನಮ್ಮ ಹಳೆಯ ಪಂಕ್ತಿಗಳು ಜಾತಿಯ ಗೋಡೆ ಕಟ್ಟಿ ಇದಕ್ಕಿಂತ ಘೋರವಾದ ಭೇದವನ್ನು ಮಾಡಿದವೆಂಬುದನ್ನು ಮರೆಯಲಾಗದು. ಕಲ್ಯಾಣದ ಶರಣರು ದಾಸೋಹದಲ್ಲಿ ಆ ಗೋಡೆಯನ್ನು ಕೆಡವಲು ಹೆಣಗಿದರು. ಈ ದೃಷ್ಟಿಯಿಂದ ಎಲ್ಲರೂ ಸಮವಾಗಿ ಕೂಡ್ರುವ ಮೇಜು ನಮಗಾದ ಲಾಭವೇ ಸರಿ. ಆದರೆ ಅದರ ಮೇಲೆ ವಿದ್ಯೆಯನ್ನು ಪ್ರದರ್ಶನಕ್ಕಿಟ್ಟೊಡನೆ, ಅಕ್ಷರ ಬಲ್ಲ ಅತಿಥಿ ಒಳಗಿನವನು, ಅಕ್ಷರ ಬಾರದವನು ಹೊರಗಿನವನು ಎಂದು ಮತ್ತೊಂದು ಗೆರೆ ಬೀಳುವದು. ಬಡಿಸುವ ಸೌಟಿನಲ್ಲಿ ಭೇದವಿಲ್ಲದಿದ್ದರೂ ಕಣ್ಣಿಗೆ ಬಡಿಸುವದರಲ್ಲಿ ಭೇದವಾಯಿತು.

ನವರಾತ್ರಿಯಲ್ಲಿ ನಾವೂ ಪುಸ್ತಕಗಳನ್ನು ಪೇರಿಸಿಡುವೆವಲ್ಲ, ಅದು ಪ್ರದರ್ಶನವಲ್ಲವೇ, ಎಂದು ತರುಣರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಮೂಲಾ ನಕ್ಷತ್ರದಂದು ಸರಸ್ವತಿಯನ್ನು ಆವಾಹಿಸಿ ಶ್ರವಣದಲ್ಲಿ ವಿಸರ್ಜಿಸುವವರೆಗೆ ಮಾತ್ರ ಆ ಗ್ರಂಥಗಳಿಗೆ ವಿಶ್ರಾಂತಿ. ವಿಜಯದಶಮಿಗೆ ತೆಗೆದು ಒಂದು ಪುಟವನ್ನಾದರೂ ಓದಲೇಬೇಕು. ಅಲ್ಲಿ ಪುಸ್ತಕಕ್ಕೆ ನಾವು ತಲೆಬಾಗುವೆವು. ಮೇಜಿನ ಮೇಲಾದರೋ ಅದರ ಬೆನ್ನಿನ ಬಣ್ಣವು ವಸ್ತ್ರದ ಬಣ್ಣಕ್ಕೆ ಹೊಂದಿದರೆ ಸಾಕು. ಒಳಗೆ ಅಮರಕೋಶವಿರಲಿ ಅಂಗಡಿಯ ಲೆಕ್ಕವಿರಲಿ ಒಂದೇ.

ಆ ಹುಡುಗಿಯು ಈ ವರುಷ ಏನನ್ನು ಇಡಲೆಂದು ನನ್ನನ್ನು ಕೇಳಿರುವಳು. ಬಿದ್ರಿ ಹೂದಾನಿ ಇರಲಿ. ಒಣಗಿದ ಎಲೆಯ ಬದಲು ಘಟದ ಬಳಿ ಒಂಬತ್ತು ದಿನ ಬೆಳೆದ ಎಳೆಯ ಸಸಿಗಳನ್ನೂ ಬನ್ನಿಯ ಒಂದು ಟಿಸಿಲನ್ನೂ ಇಡು. ದೀಪವು ರೊಟ್ಟಿಯೂ ಎದುರಿನವರ ಮುಖವೂ ಕಾಣುವಷ್ಟು ಬೆಳಕಾಗಿರಲಿ, ಎಂದಿರುವೆನು. ಬಿದ್ರಿಯ ಪಾನದಾನವೊಂದು ಅವರ ಅಟ್ಟದ ಮೇಲಿದೆಯಂತೆ. ಅದನ್ನು ಕೆಳಗಿಳಿಸಿ ಒರೆಸಿಟ್ಟರೆ ಬೀಗರಿಗೆ ಎಲೆಯಡಿಕೆಗೂ ಅನುಕೂಲವಾಗುವದು.