ನೊಗದ ಭಾರವೂ ದಯಾಧರ್ಮವೂ

ಧರ್ಮವು ನುಡಿಯಲ್ಲಿ ನೆಲೆಸಿದೆಯೋ ನಡೆಯಲ್ಲಿ ನೆಲೆಸಿದೆಯೋ ಎಂಬುದನ್ನು ಪರೀಕ್ಷಿಸಲು ಮೂಕಪ್ರಾಣಿಗಿಂತ ಉತ್ತಮವಾದ ಒರೆಗಲ್ಲು ಬೇರೊಂದಿಲ್ಲ. ಮನುಷ್ಯನಿಗೆ ಅನ್ಯಾಯವಾದರೆ ಅವನು ದೂರು ಕೊಟ್ಟಾನು, ನ್ಯಾಯಾಲಯದ ಮೆಟ್ಟಿಲನ್ನೇರಿಯಾನು. ಎತ್ತಿಗೆ ಅಂಥ ನಾಲಗೆಯಿಲ್ಲ. ಆದುದರಿಂದ ಅದರ ಪರವಾಗಿ ಶಾಸನವು ಮಾತನಾಡಬೇಕು. ಶಾಸನವು ಮೌನ ತಾಳಿದೆಡೆ ನಮ್ಮ ಅಂತಃಸಾಕ್ಷಿಯು ಮಾತನಾಡಬೇಕು.

ನಮ್ಮ ದೇಶದಲ್ಲಿ ಶಾಸನವು ಮೌನವಾಗಿಲ್ಲ. 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯ್ದೆಯು, ಪ್ರಾಣಿಯನ್ನು ಸಾಕಿದವನು ಅದರ ಹಿತವನ್ನು ನೋಡಿಕೊಳ್ಳುವುದೂ ಅದಕ್ಕೆ ಅನಗತ್ಯವಾದ ನೋವಾಗದಂತೆ ತಡೆಯುವುದೂ ಅವನ ಕರ್ತವ್ಯವೆಂದು ವಿಧಿಸಿತು. 1965ರ ನಿಯಮಗಳು ಎತ್ತಿನ ಗಾತ್ರಕ್ಕೂ ಗಾಡಿಯ ಗಾಲಿಗೂ ಅನುಗುಣವಾಗಿ ಹೊರೆಯ ಮಿತಿಯನ್ನು ಗೊತ್ತುಪಡಿಸಿದವು. ದಿನಕ್ಕೆ 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತವಾಗಿ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂದವು. ಆದರೆ ಹಿಂಸೆಯ ಮೊದಲ ಅಪರಾಧಕ್ಕೆ 1960ರಲ್ಲಿ ಇಟ್ಟ ದಂಡ ಹೆಚ್ಚೆಂದರೆ 50 ರೂಪಾಯಿ ಮಾತ್ರ. ರೂಪಾಯಿಯ ಬೆಲೆ ಕುಸಿಯುತ್ತ ಬಂದರೂ ಆ ಅಂಕಿ ದಶಕಗಳ ಕಾಲ ಕದಲಲಿಲ್ಲ.

ನಮ್ಮ ಬೆಳಗಾವಿ ಜಿಲ್ಲೆಯು ಕಬ್ಬಿನ ನಾಡು. ಹಂಗಾಮು ಆರಂಭವಾಯಿತೆಂದರೆ ಗಡಿಯಾಚೆಯ ಬೀಡ ಮೊದಲಾದ ಕಡೆಗಳಿಂದ ಕಬ್ಬು ಕಡಿಯುವ ಕುಟುಂಬಗಳು ಎತ್ತುಗಳೊಡನೆ ಬರುತ್ತವೆ. ಚಕ್ಕಡಿಯ ಮೇಲೆ ಆಳೆತ್ತರ ಮೀರಿದ ಹೇರು, ಏರುದಾರಿಯಲ್ಲಿ ಮೊಣಕಾಲೂರುವ ಎತ್ತು, ಹಿಂದಿನಿಂದ ಬಾರುಕೋಲು. ಇದು ಕಣ್ಮರೆಯಲ್ಲಿ ನಡೆಯುವ ಕೃತ್ಯವಲ್ಲ. ಪ್ರತಿಯೊಂದು ಗಾಡಿಯೂ ಕಾರ್ಖಾನೆಯ ಕಾಟಾದ ಮೇಲೆ ನಿಲ್ಲುತ್ತದೆ, ಅದರ ತೂಕವನ್ನು ಚೀಟಿಯಲ್ಲಿ ಬರೆಯಲಾಗುತ್ತದೆ. ಅಪರಾಧಕ್ಕೆ ಸಾಕ್ಷಿ ದೊರೆಯದೆ ಹೋಗುವ ಪ್ರಸಂಗಗಳುಂಟು. ಇಲ್ಲಿ ಸಾಕ್ಷಿಯು ಲೆಕ್ಕದ ಪುಸ್ತಕದಲ್ಲಿಯೇ ಇದೆ. ಹಣ ಕೊಡಲು ಓದುವ ಆ ಅಂಕಿಯನ್ನು ದಯೆಗಾಗಿ ಓದುವವರಿಲ್ಲ.

ಹಾಗಾದರೆ ಗಾಡಿ ಹೊಡೆಯುವವನನ್ನು ಹಿಡಿದು ಶಿಕ್ಷಿಸಿದರೆ ಆಯಿತೇ? ಇಲ್ಲಿ ವಿಚಾರ ಕಠಿಣವಾಗುತ್ತದೆ. ಅವನು ಮುಕಾದಮನಿಂದ ಮುಂಗಡ ಪಡೆದವನು. ಟನ್ನಿನ ಲೆಕ್ಕದಲ್ಲಿ ಕೂಲಿ ಎಣಿಸುವವನು. ಹೇರು ಕಡಿಮೆ ಮಾಡಿದರೆ ಸಾಲ ಹರಿಯದು. ಎತ್ತಿನ ಕೊರಳಿಗೆ ನೊಗವಾದರೆ ಅವನ ಕೊರಳಿಗೆ ಋಣ. ಎತ್ತಿಗೆ ದಯೆ ತೋರಿ ಅದರ ಒಡೆಯನ ಹಸಿವನ್ನು ಮರೆತರೆ ಅದು ಅರ್ಧದಯೆ. ಒಡೆಯನ ಬಡತನವನ್ನು ಮುಂದೊಡ್ಡಿ ಎತ್ತಿನ ನೋವನ್ನು ಮರೆತರೆ ಅದು ದಯೆಯೇ ಅಲ್ಲ. ಶಾಸನದ ಕೈ ಕಟ್ಟಕಡೆಯವನನ್ನು ಸುಲಭವಾಗಿ ಮುಟ್ಟುತ್ತದೆ. ಹೆಚ್ಚಿನ ಹೇರಿನಿಂದ ಲಾಭ ಪಡೆದ ಗುತ್ತಿಗೆದಾರ, ಕಾರ್ಖಾನೆ, ಕೊನೆಗೆ ರಾಮತೀರ್ಥ ನಗರದ ಮನೆಯಲ್ಲಿ ಕುಳಿತು ಸಕ್ಕರೆ ಬೆರೆಸಿದ ಚಹಾ ಕುಡಿಯುವ ನಾವು, ಇವರೆಲ್ಲರನ್ನು ದಾಟಿಹೋಗುತ್ತದೆ. ಪಾಪದ ಹೊರೆಯನ್ನಾದರೂ ಸಮನಾಗಿ ಹಂಚಬೇಡವೇ? ಮಿತಿ ಮೀರಿದ ಗಾಡಿಯನ್ನು ಕಾಟಾದ ಬಳಿಯೇ ಎತ್ತಿ ತೋರಿಸಿ, ಹೇರಿಸಿದವರಿಂದ ಉತ್ತರ ಕೇಳಿ, ಕಡಿಮೆ ಹೇರಿಗೂ ಹೊಟ್ಟೆ ತುಂಬುವಷ್ಟು ಕೂಲಿಯನ್ನು ನಿಶ್ಚಯಿಸಿದರೆ ಎತ್ತು, ಆಳು ಇಬ್ಬರೂ ಉಳಿದಾರು.

ಕಾಯ್ದೆಯು ‘ಅನಗತ್ಯ’ವಾದ ನೋವು ಎನ್ನುತ್ತದೆ. ಅಗತ್ಯವನ್ನು ಅಳೆಯುವವರು ಯಾರು? ಲೋಭವು ಅಳೆದರೆ ಎಲ್ಲ ನೋವೂ ಅಗತ್ಯವೇ. ಆದುದರಿಂದಲೇ ಬಸವಣ್ಣನವರು ಧರ್ಮದ ಬೇರನ್ನು ದಯೆಯಲ್ಲಿ ಕಂಡರು, ಅದನ್ನು ಸಕಲ ಪ್ರಾಣಿಗಳಿಗೂ ವಿಸ್ತರಿಸಿದರು. ಶರಣರ ಕಾಯಕತತ್ತ್ವದಲ್ಲಿ ದುಡಿಮೆಗೆ ಗೌರವವುಂಟು. ಜೊತೆಗೆ ದುಡಿಯುವ ಜೀವಕ್ಕೂ ಅದು ಸಲ್ಲಬೇಕು. ತುರುಗಾಹಿ ರಾಮಣ್ಣನವರು ದನ ಕಾಯುವುದನ್ನೇ ಶಿವಪೂಜೆಯಾಗಿಸಿದರು. ಒಕ್ಕಲಿಗ ಮುದ್ದಣ್ಣನವರು ತಮ್ಮ ಅಂಕಿತದಲ್ಲಿ ಶಿವನನ್ನು ‘ಜೀವಧನದೊಡೆಯ’ನೆಂದು ಕರೆದರು. ಜೀವಧನವೆಂದರೆ ದನಕರು. ಅದರ ಒಡೆಯನು ಶಿವನಾದರೆ ನಾವು ಕೇವಲ ಪಾಲಕರು.

ಬಸವ ಎಂಬುದು ವೃಷಭ ಶಬ್ದದ ತದ್ಭವ. ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುತ್ತೇವೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತಿಗೂ ನೈವೇದ್ಯವಿಡುತ್ತೇವೆ. ಜೀವವಿಲ್ಲದ ಎತ್ತಿಗೆ ಕೈಮುಗಿದವರು, ಜೀವವಿರುವ ಎತ್ತು ದಾರಿಯಲ್ಲಿ ಮೊಣಕಾಲೂರಿದಾಗ ಮುಖ ತಿರುಗಿಸಬಾರದು. ಅಲ್ಲಿ ನಿಂತು, ಹೇರನ್ನು ಇಳಿಸಲು ಕೈಕೊಡುವುದೂ ಲಿಂಗಪೂಜೆಯೇ ಎಂದು ಸದ್ಭಕ್ತರು ಮನಗಾಣಲಿ.