ಪ್ರತಿಷ್ಠೆಯಾಗದ ಶಿಲ್ಪ

ದೈವಕ್ಕೆ ಮೀಸಲಾದ ವಸ್ತುವನ್ನು ಕಲಾಕೃತಿಯೆಂದು ನೋಡಿದ ಮಾತ್ರಕ್ಕೆ ಆ ದೈವದ ಬಗ್ಗೆ ಏನನ್ನಾದರೂ ಅರಿತಂತಾಗುತ್ತದೆಯೇ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆ. ಗುಲಾಮರಾಗಿ ಕಡಲು ದಾಟಿ ಬಂದ ಆಫ್ರಿಕನ್ನರ ಪರಂಪರೆಯನ್ನು ಕಲೆಯ ಮೂಲಕ ಪರಿಚಯಿಸಲು ಹೊರಡುವ ಅಂತರರಾಷ್ಟ್ರೀಯ ವಿದ್ಯಾರ್ಥಿ ವಿನಿಮಯಗಳಲ್ಲಿ ಈ ಪ್ರಶ್ನೆ ತೀರಾ ಪ್ರತ್ಯಕ್ಷವಾಗಿ ಎದುರಾಗುತ್ತದೆ. ಅದನ್ನು ಪರಿಶೀಲಿಸಲು ಬ್ರೆಜಿಲ್‌ನ ಬಹಿಯಾ ರಾಜ್ಯದ ರಾಜಧಾನಿ ಸಾಲ್ವಡಾರ್‌ಗಿಂತ ಸೂಕ್ತವಾದ ಊರು ಸಿಗುವುದು ಕಷ್ಟ.

1888ರಲ್ಲಿ ಗುಲಾಮಗಿರಿ ರದ್ದಾಗುವ ಮೊದಲು ನಲವತ್ತು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಬ್ರೆಜಿಲ್‌ಗೆ ತರಲಾಗಿತ್ತು. ಅವರಲ್ಲಿ ಯೊರುಬಾ ಮೊದಲಾದ ಜನಾಂಗದವರು ಬಹಿಯಾದಲ್ಲಿ ಕಟ್ಟಿ ಉಳಿಸಿಕೊಂಡ ಧರ್ಮಕ್ಕೆ ಕಾಂದೊಂಬ್ಲೆ ಎಂದೂ, ಅದರ ದೈವಗಳಿಗೆ ಒರಿಷಾಗಳೆಂದೂ, ಪೂಜಾನೆಲೆಗೆ ತೆರೇರು ಎಂದೂ ಹೆಸರು. ಈ ಧರ್ಮದ ನಡುಗಂಬವಾದ 'ಆಷೆ' ಎಂದರೆ ಎಲ್ಲವನ್ನೂ ಆಗುಮಾಡುವ ಶಕ್ತಿ. ಅದು ವಸ್ತುವಿನೊಳಗೆ ತಾನಾಗಿ ಇರುವುದಿಲ್ಲ, ದೀಕ್ಷೆ ಪಡೆದವರು ವಿಧಿಪೂರ್ವಕವಾಗಿ ಅದನ್ನು ನೆಲೆಗೊಳಿಸಬೇಕು, ಕಾಲಕಾಲಕ್ಕೆ ಎಡೆಯಿಟ್ಟು ಪೋಷಿಸಬೇಕು. ಪ್ರಾಣಪ್ರತಿಷ್ಠೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ಭಾವನೆ ಅಪರಿಚಿತವೇನಲ್ಲ. ಇಲ್ಲಿ ಅರಿವು ದೀಕ್ಷೆ, ಸೇವೆ, ವರ್ಷಗಟ್ಟಲೆಯ ಒಡನಾಟಗಳಿಂದ ಬರುತ್ತದೆಯೇ ಹೊರತು ನೋಟದಿಂದಲ್ಲ.

ಹಾಗಿದ್ದರೆ ಕಲೆಗೆ ಇಲ್ಲಿ ಕೆಲಸವೇನು? ಮೆಸ್ತ್ರೆ ದಿದಿ ಎಂದೇ ಪ್ರಸಿದ್ಧರಾದ ಶಿಲ್ಪಿ ಹಾಗೂ ಅರ್ಚಕ ದೇಯೊಸ್ಕೊರೆದೆಸ್ ದೊಸ್ ಸಾಂತೊಸ್ (1917–2013) ಅವರ ಬದುಕು ಇದಕ್ಕೆ ಉತ್ತರ ಕೊಡುತ್ತದೆ. ಸಿಡುಬನ್ನು ತರುವ ಮತ್ತು ವಾಸಿಮಾಡುವ ದೈವವಾದ ಒಬಲುವಾಯೆಯ ಕೈಯಲ್ಲಿರುವ ಪೊರಕೆಯಂಥ ಆಯುಧಕ್ಕೆ ಶಶರಾ ಎನ್ನುತ್ತಾರೆ; ತಾಳೆಗರಿಯ ಕಡ್ಡಿಗಳನ್ನು ಒತ್ತಾಗಿ ಜೋಡಿಸಿ, ಬಣ್ಣದ ತೊಗಲಿನ ಪಟ್ಟಿ ಸುತ್ತಿ, ಕವಡೆ ಮತ್ತು ಮಣಿಗಳನ್ನು ಹೊಲಿದು ಅದನ್ನು ಮಾಡಲಾಗುತ್ತದೆ. ತೆರೇರುವಿಗೆ ಬೇಕಾದ ಇಂಥ ಆಯುಧಗಳನ್ನು ಮಾಡುವ ಹೊಣೆ ಹೊತ್ತಿದ್ದ ದಿದಿಯವರು ಅದೇ ಕಡ್ಡಿ, ಅದೇ ತೊಗಲು, ಅದೇ ಕವಡೆಗಳಿಂದ ಆಳೆತ್ತರದ ಶಿಲ್ಪಗಳನ್ನೂ ಕಟ್ಟಿದರು. ಅವು 1989ರಲ್ಲಿ ಪ್ಯಾರಿಸ್‌ನ ದೊಡ್ಡ ಪ್ರದರ್ಶನವೊಂದರಲ್ಲಿ ಸ್ಥಾನ ಪಡೆದವು. ಗುಡಿಯ ಆಯುಧಕ್ಕೆ ಪ್ರತಿಷ್ಠೆಯುಂಟು, ಪ್ರದರ್ಶನದ ಶಿಲ್ಪಕ್ಕೆ ಇಲ್ಲ. ತೋರಿಸಬಹುದಾದದ್ದು ಮತ್ತು ಮೀಸಲಾಗಿ ಉಳಿಯಬೇಕಾದದ್ದರ ನಡುವಿನ ಗೆರೆಯನ್ನು ಎಳೆದವರು ಸಂಗ್ರಹಾಲಯದ ಅಧಿಕಾರಿಗಳಲ್ಲ, ಆ ಧರ್ಮದೊಳಗಿನವರೇ ಎಂಬುದು ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ.

ಆ ಗೆರೆಯನ್ನು ಹೊರಗಿನವರು ಎಳೆದಾಗ ಏನಾಗುತ್ತದೆ ಎಂಬುದಕ್ಕೂ ಬ್ರೆಜಿಲ್‌ನಲ್ಲೇ ಸಾಕ್ಷ್ಯವಿದೆ. ರಿಯೋ ನಗರದ ಪೊಲೀಸರು ತೆರೇರುಗಳ ಮೇಲಿನ ದಾಳಿಗಳಲ್ಲಿ ವಶಪಡಿಸಿಕೊಂಡ ಪೂಜಾವಸ್ತುಗಳು ದಶಕಗಳ ಕಾಲ 'ಮಾಟಮಂತ್ರ'ದ ಸಂಗ್ರಹವೆಂಬ ಹೆಸರಿನಲ್ಲಿ ಪೊಲೀಸ್ ಸಂಗ್ರಹಾಲಯದಲ್ಲಿದ್ದವು. 'ತಾಯಿ' ಎಂದು ಕರೆಸಿಕೊಳ್ಳುವ ತೆರೇರುಗಳ ಮುಖ್ಯಸ್ಥೆಯರು ನಡೆಸಿದ ಹೋರಾಟದಿಂದಾಗಿ 519 ವಸ್ತುಗಳು 2020ರಲ್ಲಿ ಅಲ್ಲಿಂದ ಬಿಡುಗಡೆಗೊಂಡು ಗಣರಾಜ್ಯ ಸಂಗ್ರಹಾಲಯಕ್ಕೆ ಬಂದವು. ಅವುಗಳನ್ನು ನೋಡಿದವರಿಗೆ ಕೊರತೆಯಿರಲಿಲ್ಲ, ಆದರೆ ಆ ನೋಟ ಅವಮಾನವಾಗಿತ್ತು.

ವಿನಿಮಯಕ್ಕೆ ಬೇರೊಂದು ದಾರಿಯೂ ಇತ್ತು. ಬಹಿಯಾ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ ಆರಂಭವಾದ ಆಫ್ರೋ-ಪೌರ್ವಾತ್ಯ ಅಧ್ಯಯನ ಕೇಂದ್ರವು ನೈಜೀರಿಯಾದ ಅಧ್ಯಾಪಕರನ್ನು ಕರೆಸಿ ಯೊರುಬಾ ಭಾಷೆ ಕಲಿಸಿತು, ಆಫ್ರಿಕಾದ ವಿದ್ಯಾರ್ಥಿಗಳನ್ನು ಬರಮಾಡಿಕೊಂಡಿತು, ತನ್ನ ಸಂಶೋಧಕರನ್ನು ಆಫ್ರಿಕಾಕ್ಕೆ ಕಳಿಸಿತು. ಯೊರುಬಾ ತರಗತಿಗೆ ತೆರೇರುಗಳ ಭಕ್ತರೇ ಬಂದು ಕೂತದ್ದು, ಆ ಭಾಷೆಯನ್ನು ಅವರು ಹಾಡುಗಳಲ್ಲಿ ಕಾಪಾಡಿಕೊಂಡು ಬಂದಿದ್ದರೂ ಮಾತಿನಲ್ಲಿ ಕಳೆದುಕೊಂಡಿದ್ದರು ಎಂಬ ಕಾರಣಕ್ಕೆ, ಮನಕಲಕುವ ಸಂಗತಿ. 1967ರಲ್ಲಿ ದಿದಿಯವರೇ ಇಂದಿನ ಬೆನಿನ್ ದೇಶದ ಕೇತು ಪಟ್ಟಣಕ್ಕೆ ಹೋಗಿ, ತಲೆಮಾರುಗಳಿಂದ ಮನೆಯಲ್ಲಿ ಉಳಿದಿದ್ದ ಒರಿಕಿಯನ್ನು, ಅಂದರೆ ಕುಲದ ಬಿರುದಿನ ನುಡಿಯನ್ನು, ಅರಸನ ಮುಂದೆ ಹೇಳಿದಾಗ, ಅದನ್ನು ಗುರುತಿಸಿದ ಅರಸನು ಅವರ ಮನೆತನ ಆ ಊರಿನಲ್ಲಿ ಇನ್ನೂ ಬಾಳುತ್ತಿರುವ ಜಾಗವನ್ನು ತೋರಿಸಿದನು. ಹೀಗೆ ನಂಟು ಮೊದಲಾದಲ್ಲಿ ಮಾತ್ರ ಪರಂಪರೆಯ ಅರಿವೂ ಮೊದಲಾಗುತ್ತದೆ. ಆ ನಂಟಿಗೆ ವಿದ್ಯಾರ್ಥಿಯನ್ನು ಸಿದ್ಧಗೊಳಿಸುವುದಷ್ಟೇ ಕಲೆಯಿಂದ ಸಾಧ್ಯ, ಮತ್ತು ಅದು ಸಣ್ಣ ಕೆಲಸವಲ್ಲ.

ಈ ವಿಚಾರ ಕರ್ನಾಟಕಕ್ಕೆ ದೂರದ್ದಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ತಾಲ್ಲೂಕುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನಾಂಗ ಹಿಂದೂ, ಮುಸ್ಲಿಂ, ಕ್ರೈಸ್ತ ಧರ್ಮಗಳಲ್ಲಿ ಹಂಚಿಹೋಗಿ ಬಾಳುತ್ತಿದೆ. ಸಿದ್ದಿ ಮಹಿಳೆಯರು ಹಳೆಯ ಬಟ್ಟೆಗಳ ತುಂಡುಗಳಿಂದ ಹೊಲಿಯುವ ಕೌದಿಯ ಹೊಲಿಗೆ ಅಂಚಿನಿಂದ ಹೊರಟು ಸುತ್ತುತ್ತಾ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗಳಿಗೆ ಮಡಿಚಿದ ತ್ರಿಕೋನದ 'ಫೂಲ' ಕೂಡಿಸದೆ ಕೌದಿ ಪೂರ್ಣವಾಯಿತೆಂದು ಅವರು ಒಪ್ಪುವುದಿಲ್ಲ. ಈ ಕೌದಿಗಳು ಅಮೆರಿಕದ ಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಂಡಿವೆ. ನಮ್ಮ ವಿಶ್ವವಿದ್ಯಾಲಯಗಳು ಹೊರದೇಶದ ವಿದ್ಯಾರ್ಥಿಗಳೊಡನೆ ಇಂಥ ವಿನಿಮಯವನ್ನು ಯೋಜಿಸುವಾಗ, ಸಾಲ್ವಡಾರ್‌ನಲ್ಲಿ ನೈಜೀರಿಯಾದ ಅಧ್ಯಾಪಕರಿಗೆ ದೊರೆತ ಸ್ಥಾನವನ್ನು ಈ ಮಹಿಳೆಯರಿಗೆ ಕೊಡಬೇಕು: ಅವರನ್ನು ಸಂಭಾವನೆಯೊಡನೆ ಗುರುಗಳಾಗಿ ಕರೆಯಬೇಕು, ಯಾವುದನ್ನು ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂಬ ತೀರ್ಮಾನವನ್ನು ಅವರಿಗೇ ಬಿಡಬೇಕು.