ಮಿಠಿಯ ಮಾಲಿನ್ಯ ಮತ್ತು ನಮ್ಮ ಕರ್ತವ್ಯ

ಪ್ರಾತಃಕಾಲ ಸ್ನಾನಕ್ಕೆ ನಿಂತಾಗ ನಾವು ಬಕೆಟ್ಟಿನ ನೀರಿನಲ್ಲಿ ಗಂಗೆ, ಯಮುನೆ, ಗೋದಾವರಿ ಮೊದಲಾದ ಪುಣ್ಯನದಿಗಳ ಸನ್ನಿಧಾನವನ್ನು ಪ್ರಾರ್ಥಿಸುತ್ತೇವೆ. ನಗರಪಾಲಿಕೆಯ ನಲ್ಲಿಯ ನೀರೂ ಆಗ ತೀರ್ಥವಾಗುತ್ತದೆ. ಸ್ನಾನ ಮುಗಿದ ಮೇಲೆ ಆ ತೀರ್ಥ ಎಲ್ಲಿಗೆ ಹೋಗುತ್ತದೆಂದು ನಾವು ಚಿಂತಿಸಿದ್ದುಂಟೆ? ಕುರ್ಲಾದ ನದೀತೀರದಲ್ಲಿ ಒಳಚರಂಡಿ ತಲುಪದ ಕಡೆಗಳಲ್ಲಿ ಅದು ನಾಲೆಗಳ ಮೂಲಕ ಮಿಠಿಗೆ ಸೇರುತ್ತದೆ.

ವಿಹಾರ ಮತ್ತು ಪವಾಯಿ ಸರೋವರಗಳಿಂದ ಉಕ್ಕಿ ಹರಿಯುವ ನೀರೇ ಮಿಠಿಯ ಮೂಲ. ಅದು ಸುಮಾರು 18 ಕಿ.ಮೀ. ಸಾಗಿ, ಕುರ್ಲಾವನ್ನು ಹಾದು, ಮಾಹಿಮಿನಲ್ಲಿ ಸಮುದ್ರವನ್ನು ಸೇರುತ್ತದೆ. ಹೆಸರಿನ ಅರ್ಥ ಸಿಹಿ. ನೀರು ಮಾತ್ರ ಕಪ್ಪು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿ.ಮೀ. ಮಳೆ ಸುರಿದಾಗ, ಕಸ ಮತ್ತು ಒತ್ತುವರಿಗಳಿಂದ ಇಕ್ಕಟ್ಟಾಗಿದ್ದ ನದಿಯು ಕುರ್ಲಾ, ಕಲೀನಾಗಳ ಮನೆಗಳಿಗೆ ನುಗ್ಗಿತು. ಅದೇ ವರ್ಷ ಸರ್ಕಾರವು ಮಿಠಿಯ ಅಭಿವೃದ್ಧಿ ಮತ್ತು ಸಂರಕ್ಷಣೆಗೆಂದೇ ಒಂದು ಪ್ರಾಧಿಕಾರವನ್ನು ರಚಿಸಿತು. ವರ್ಸೋವಾ ಕಡಲತೀರವನ್ನು ಶುಚಿಗೊಳಿಸಿದ ವಕೀಲ ಅಫ್ರೋಜ್ ಶಾಹ್ ಮುಂದೆ ಸ್ವಯಂಸೇವಕರೊಡನೆ ಮಿಠಿಗೂ ಇಳಿದರು.

ನಾವು ಕೆಡಿಸದ ನದಿಯನ್ನು ನಾವೇಕೆ ತೊಳೆಯಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಎಣ್ಣೆಯ ಡ್ರಮ್ಮುಗಳನ್ನು ತೊಳೆಯುವವರ ಕಡೆಗೆ, ಗುಜರಿ ವ್ಯಾಪಾರಿಗಳ ಕಡೆಗೆ ನಾವು ಬೆರಳು ತೋರುತ್ತೇವೆ. ಅವರ ಪಾಲೂ ಇದೆ, ನಿಜ. ಆದರೆ ಮಿಠಿಯ ಮಾಲಿನ್ಯದ ಬಹುಪಾಲು ಮನೆಗಳ ಕೊಳಚೆ ನೀರೇ. ಇನ್ನು ದೇವರಿಗೆ ಏರಿಸಿದ ತುಳಸಿ ಮತ್ತು ಹೂಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಸೇತುವೆಯಿಂದ ಎಸೆದವರು ಯಾರು? ಅದನ್ನು ಭಕ್ತಿಯೆಂದು ಭಾವಿಸಿದ ನಾವೇ.

ನದಿಯ ಅಭಿಮಾನಿ ದೇವತೆ ನಿತ್ಯಶುದ್ಧಳು, ಕೊಳೆ ಅವಳಿಗೆ ಅಂಟದು, ಹಾಗಿರುವಾಗ ಶುದ್ಧಿಯ ಚಿಂತೆ ಏಕೆ ಎಂದು ಕೆಲವರು ಕೇಳಬಹುದು. ದೇವತೆಗೆ ಅಂಟದಿರುವುದು ಸತ್ಯ. ಆದರೆ ಜಡವೂ ಸತ್ಯ, ಜಡಕ್ಕೂ ದೇವತೆಗೂ ಇರುವ ಭೇದವೂ ಸತ್ಯ ಎಂಬುದೇ ನಮ್ಮ ಸಿದ್ಧಾಂತ. ಕೆಟ್ಟಿರುವುದು ಜಲ, ಅದರಿಂದ ನರಳುವವರು ದಂಡೆಯ ಜೀವರು. ಜಗತ್ತು ಮಿಥ್ಯೆಯಲ್ಲವೆಂದು ಸಾರುವವರಿಗೆ ಈ ಕೊಳೆಯೂ ಮಿಥ್ಯೆಯಲ್ಲ. ಸರ್ವವೂ ಹರಿಯ ಅಧೀನವೆಂದು ಕೈಕಟ್ಟಿ ಕೂರುವುದೂ ಸಲ್ಲದು. ಜೀವನ ಕರ್ತೃತ್ವ ಪರಾಧೀನವೇ ಹೊರತು ಇಲ್ಲದ್ದೇನೂ ಅಲ್ಲ.

ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಈಶ್ವರದೇವನೆಂಬ ರಾಜನ ಪ್ರಸಂಗವಿದೆ. ಅವನು ಕೆರೆಯನ್ನು ತೋಡಿಸುತ್ತ, ದಾರಿಹೋಕರನ್ನೆಲ್ಲ ಬಲವಂತದಿಂದ ಅಗೆಯಲು ಹಚ್ಚುತ್ತಿದ್ದ. ಆ ಮಾರ್ಗವಾಗಿ ಬಂದ ಶ್ರೀಮದಾಚಾರ್ಯರಿಗೂ ಅದೇ ಆಜ್ಞೆಯಾಯಿತು. ಅಗೆಯುವ ಬಗೆಯನ್ನು ತಾನೇ ತೋರಿಸುವಂತೆ ಆಚಾರ್ಯರು ಕೇಳಿದರು. ತೋರಿಸಲು ತೊಡಗಿದ ರಾಜನಿಗೆ ಕೈಬಿಡಲು ಸಾಧ್ಯವಾಗಲೇ ಇಲ್ಲ. ಆಚಾರ್ಯರ ಮಹಿಮೆಯನ್ನು ಸಾರುವ ಈ ಪ್ರಸಂಗದಲ್ಲಿ ನಮಗೊಂದು ಪಾಠವೂ ಕಾಣುತ್ತದೆ. ಲೋಕೋಪಕಾರದ ಕಾರ್ಯವನ್ನೂ ಪರರ ಬೆನ್ನಿನ ಮೇಲೆ ಹೇರಬಾರದು. ಅಗೆಯಿರೆನ್ನುವವನು ಮೊದಲು ತಾನು ಗುದ್ದಲಿ ಹಿಡಿಯಬೇಕು.

ಮಿಠಿಯ ವಿಷಯದಲ್ಲಿ ಈ ಹೇರಿಕೆಯೂ ನಡೆದಿದೆ. ನದಿಯನ್ನು ಅಗಲಗೊಳಿಸುವಾಗ ದಂಡೆಯ ಅನೇಕ ಬಡವರು ಮನೆ ಕಳೆದುಕೊಂಡರು. ಅವರ ಮಾತನ್ನು ಕೇಳದ ಶುದ್ಧೀಕರಣ ಧರ್ಮವೆನಿಸದು. ಇನ್ನೊಂದೆಡೆ, ಹೂಳೆತ್ತುವ ಗುತ್ತಿಗೆಯಲ್ಲಿ ಸುಮಾರು 65 ಕೋಟಿ ರೂಪಾಯಿಗಳ ವಂಚನೆಯಾಗಿದೆಯೆಂಬ ಆರೋಪದ ಮೇಲೆ 2025ರಲ್ಲಿ ಮುಂಬಯಿ ಪೊಲೀಸರು ಪ್ರಕರಣ ದಾಖಲಿಸಿದರು. ಸತ್ಯಾಸತ್ಯವನ್ನು ನ್ಯಾಯಾಲಯ ನಿರ್ಣಯಿಸಲಿ. ಎಷ್ಟು ಹೂಳು ಎತ್ತಿದಿರಿ, ಎಲ್ಲಿ ಹಾಕಿದಿರಿ ಎಂದು ನಾಗರಿಕರು ಕೇಳುವುದೂ ಸೇವೆಯೇ. ಕೈಯಿಂದ ಕಸ ಹೆಕ್ಕಿದಷ್ಟಕ್ಕೆ ನದಿ ಶುದ್ಧವಾಗದು. ಕೊಳಚೆ ನೀರು ಸಂಸ್ಕಾರಗೊಳ್ಳದೆ ನದಿಗೆ ಇಳಿಯದಂತಾಗಬೇಕು. ಅದನ್ನು ಒತ್ತಾಯಿಸಬೇಕಾದವರೂ ನಾವೇ.

ಸಜ್ಜನರು ಮನೆಯಿಂದಲೇ ಆರಂಭಿಸಬಹುದು. ನಿರ್ಮಾಲ್ಯವನ್ನು ಗಿಡದ ಬುಡದ ಮಣ್ಣಿಗೆ ಸೇರಿಸೋಣ. ಹೋಟೆಲು ನಡೆಸುವ ನಮ್ಮ ಬಂಧುಗಳು ಕರಿದ ಎಣ್ಣೆಯನ್ನು ಮೋರಿಗೆ ಸುರಿಯದಿರಲಿ. ಬಿಡುವಿನ ಒಂದು ಭಾನುವಾರ ನದೀತೀರದ ಸೇವೆಗೆ ಮೀಸಲಾಗಲಿ. ದಂಡೆಯ ನಿವಾಸಿಗಳೊಡನೆ ಸಮಾನರಾಗಿ ನಿಂತು ದುಡಿಯೋಣ. ನಾಳೆ ಸ್ನಾನಕ್ಕೆ ನಿಂತು ನದಿಗಳನ್ನು ಕರೆಯುವಾಗ, ಬಾಗಿಲ ಬಳಿಯೇ ಹರಿಯುವ ನದಿಯನ್ನು ಮರೆತಿಲ್ಲವೆಂಬ ಸಮಾಧಾನ ನಮಗಿರಲಿ.

ಶ್ರೀಕೃಷ್ಣಾರ್ಪಣಮಸ್ತು.